ಉಕ್ಕುವ ಟ್ಯಾಂಕು

ಅಕ್ಕನ ಮನೆ
ಮಾರ್ಚ್ ೧೧, ಮಂಗಳವಾರ

ನಲ್ಲಿಗಳ ನಲ್ಲನಾದ ನನ್ನ ಯಜಮಾನರಿಗೆ,

ಹೆದರಬೇಡಿ, ಏಳು ತಿಂಗಳ ಮೇಲೆ ಬರೆಯುತ್ತಿರುವುದು ಜಗಳವಾಡಲು ಅಲ್ಲ. ಲೈಬ್ರರಿಯಲ್ಲಿ ಗ್ರಂಥ ಕಾಯುವ ನನಗೆ ಗ್ರಂಥಿಯೊಂದು ಕೈಕೊಟ್ಟಿದೆ. ಕತ್ತಿನಲ್ಲಿ, ಥೈರಾಯ್ಡಿನ ಬೆನ್ನಿಗೆ, ಗೋಧಿ ಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್‌ಗಳು ನಾಲ್ಕಿವೆಯಂತೆ. ಅದರಲ್ಲೊಂದು ದ್ರಾಕ್ಷಿಯಷ್ಟು ಊದಿಕೊಂಡಿದೆ.

ಡಾಕ್ಟರಮ್ಮ ಚಿತ್ರ ಬರೆದು ಹೇಳಿದರು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಈ ಕಾಳುಗಳು ಹಾರ್ಮೋನು ಬಿಡುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎತ್ತುತ್ತದೆ, ಮೂತ್ರದಲ್ಲಿ ಹರಿದುಹೋಗದಂತೆ ಕಿಡ್ನಿಗೆ ತಾಕೀತು ಮಾಡುತ್ತದೆ, ವಿಟಮಿನ್ ಡಿಯನ್ನು ಎಬ್ಬಿಸಿ ಊಟದಿಂದಲೂ ಎಳೆಸಿಕೊಳ್ಳುತ್ತದೆ. ಸಾಕಷ್ಟಾದ ಕೂಡಲೇ ಸುಮ್ಮನಾಗಬೇಕು. ನನ್ನದು ಸುಮ್ಮನಾಗುವುದಿಲ್ಲ. ಅರ್ಥ ಆಯ್ತಾ ಅಂದರು. "ಆಯ್ತು ಡಾಕ್ಟ್ರೇ. ಟ್ಯಾಂಕು ತುಂಬಿದ್ರೆ ಮೋಟರು ನಿಲ್ಲಿಸೋ ಫ್ಲೋಟು ಕೆಟ್ಟಿದೆ, ಮೋಟರು ಓಡ್ತಾನೇ ಇದೆ. ಕೆಳಗಿನ ಸಂಪು ಖಾಲಿ, ಮೇಲಿನ ಟ್ಯಾಂಕು ಉಕ್ತಿದೆ" ಅಂದೆ. ಅವರು ಪೆನ್ನು ಕೆಳಗಿಟ್ಟು, ನಿಮ್ಮ ಮನೆಯವರು ಏನು ಮಾಡ್ತಾರೆ ಅಂತ ಕೇಳಿದರು.

ಆ ದಿನ ನೆನಪಿದೆಯಲ್ಲ? ಊರಿಗೆಲ್ಲ ಫ್ಲೋಟು ಹಾಕುವ ಪ್ಲಂಬರು ನಮ್ಮ ತಾರಸಿಯದನ್ನೇ ಮರೆತಿದ್ದಿರಿ. ಟ್ಯಾಂಕು ಉಕ್ಕಿ ನನ್ನ ಪುಸ್ತಕದ ಕಪಾಟು ತೊಯ್ದಿತು, ನಾನು ಬ್ಯಾಗು ಹಿಡಿದು ಇಲ್ಲಿಗೆ ಬಂದೆ. ಈ ಕಾಯಿಲೆಗೆ ಸುಸ್ತು, ಮೂಳೆನೋವು, ಕಿಡ್ನಿ ಕಲ್ಲಿನ ಜೊತೆ ಸಿಡುಕೂ ಒಂದು ಲಕ್ಷಣವಂತೆ. ಹಾಗಂತ ಜಗಳವನ್ನೆಲ್ಲ ಗ್ರಂಥಿಯ ತಲೆಗೆ ಕಟ್ಟುವುದಿಲ್ಲ; ಅರ್ಧ ನಿಮ್ಮದೂ ಇದೆ.

ನನ್ನ ಜಾಣತನವನ್ನೂ ಕೇಳಿ. ಮೂಳೆ ನೋಯುತ್ತದೆಂದು ಯಾರನ್ನೂ ಕೇಳದೆ ದಿನಾ ಕ್ಯಾಲ್ಸಿಯಂ ಮಾತ್ರೆ ನುಂಗಿದೆ. ಉಕ್ಕುವ ಟ್ಯಾಂಕಿಗೆ ಬಿಂದಿಗೆಯಲ್ಲಿ ಹೊತ್ತು ಸುರಿದ ಹಾಗೆ! "ಓದಿದೋಳಂತೆ ಇವಳು" ಅಂತ ಅಕ್ಕ ಹಣೆ ಬಡಿದುಕೊಂಡಳು.

ಬರುವ ಸೋಮವಾರ ಬೆಳಿಗ್ಗೆ ಆಪರೇಷನ್. ಆ ಒಂದನ್ನು ತೆಗೆದರೆ ಉಳಿದ ಮೂರು ಸಾಕಂತೆ. ಹೆದರಿಕೆಯೇನಿಲ್ಲ. (ಈ ವಾಕ್ಯವನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೆ.) ಒಪ್ಪಿಗೆ ಪತ್ರದಲ್ಲಿ ಹತ್ತಿರದವರ ಸಹಿಯ ಜಾಗ ಇನ್ನೂ ಖಾಲಿ. ಅಕ್ಕ ಹಾಕುತ್ತೇನೆ ಅಂದಳು, ಪೆನ್ನು ಅಡಗಿಸಿಟ್ಟಿದ್ದೇನೆ.

ಆಮೇಲೆ ಸಿಡುಕು ಇಳಿಯುತ್ತದೆ ಅನ್ನುತ್ತಾರೆ. ಇಳಿಯದೆ ಉಳಿದದ್ದು ಅಸಲಿ ನಾನು. ಅದಕ್ಕೆ ನೀವು ತಯಾರೇ?

ಸದ್ಯಕ್ಕೆ ಉಕ್ಕುತ್ತಿರುವ,
ನಿಮ್ಮವಳು

ತಾ.ಕ.: ಕಳೆದ ತಿಂಗಳು ನಾನು ಕೆಲಸಕ್ಕೆ ಹೋಗಿದ್ದಾಗ ಅಕ್ಕನ ಟ್ಯಾಂಕಿಗೆ ಹೊಸ ಫ್ಲೋಟು ಬಂದು ಕೂತಿದೆ. "ಯಾರೋ ಬಂದು ಹಾಕಿದ್ರು ಕಣೇ" ಅಂತಾಳೆ. ನಿನ್ನೆ ಬಟ್ಟೆ ಒಣಹಾಕಲು ತಾರಸಿ ಹತ್ತಿದೆ. ಪೈಪಿನ ಮೇಲೆ ತಾರೀಕು ಬರೆದು, ಇಂಗ್ಲಿಷ್ ಏಳರ ಸೊಂಟಕ್ಕೆ ಅಡ್ಡಗೆರೆಯ ಪಟ್ಟಿ ಕಟ್ಟುವ ಪ್ಲಂಬರು ಪ್ರಪಂಚದಲ್ಲಿ ಒಬ್ಬರೇ. ಸೋಮವಾರ ಮಾತ್ರ ನಾನು ಇರುವಾಗಲೇ ಬನ್ನಿ.