ತಲೆ ಎತ್ತದೆ ಓದುವವಳು

ನಮ್ಮೂರಿಂದ, ಕುಂದಗೋಳ ತಾಲೂಕು
೧೨ ಜುಲೈ ೨೦೨೫, ಶನಿವಾರ

ಪ್ರೀತಿಯ ಸುಭಾಸಣ್ಣಾ,

ಹೇಗಿದ್ದೀ? ಹೊಟ್ಟೆ ಉರಿ ಕಡಿಮೆಯಾಯಿತೇ? ಖಾರವಿಲ್ಲದ ಊಟ ನಿನಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವ್ವ ದಿನಾ ಗೊಣಗುತ್ತಾಳೆ. ಧಾರವಾಡದ ಜೈಲಿನೊಳಗೆ ಕೆಂಪು ಮೆಣಸಿನಕಾಯಿ ರಂಜಕದ ಭರಣಿ ಬಿಡುತ್ತಾರೇನು ಎಂದು ಕೇಳಿದಳು. ಭರಣಿ ಹಾಗಿರಲಿ, ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನೂ ಬಿಡುವುದಿಲ್ಲ ಎಂದೆ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ. ಚೆನ್ನಾಗಿಲ್ಲ. ಅವ್ವನ ಮೊಣಕಾಲು ನೋವು ಏರಿದೆ, ನನ್ನ ಸಿಟ್ಟು ಅದಕ್ಕಿಂತ ಹೆಚ್ಚು ಏರಿದೆ. ಹೊಲದಲ್ಲಿ ಹೆಸರಿನ ಬೆಳೆ ಮಾತ್ರ ಚೆನ್ನಾಗಿ ಎದ್ದಿದೆ. ಈ ಪತ್ರವನ್ನು ನಿನಗಿಂತ ಮೊದಲು ಅಲ್ಲಿಯ ಸಾಹೇಬರು ಓದುತ್ತಾರಂತೆ. ಓದಲಿ, ಓದುವವರ ಮೇಲೆ ನನಗೆ ಎಂದೂ ಸಿಟ್ಟಿಲ್ಲ.

ಕೆಲಸದ ಸುದ್ದಿ ಕೇಳು. ಗ್ರಂಥಾಲಯ ವಿಜ್ಞಾನದ ಡಿಗ್ರಿ ಹಿಡಿದು ಅಲೆಯುತ್ತಲೇ ಇದ್ದೇನೆ. ಹೋದ ತಿಂಗಳು ಹುಬ್ಬಳ್ಳಿ ಕಡೆಯ ಒಂದು ಖಾಸಗಿ ಕಾಲೇಜಿಗೆ ಸಂದರ್ಶನಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಕಾದಂಬರಿ ಹಿಡಿದು ಕೂತವಳು ಇಳಿಯುವ ಸ್ಟಾಪು ದಾಟಿ ಹೋಗಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಬಂದೆ. ನೀನು ಈಗ ನಗುತ್ತೀ, ನಗು. ಗ್ರಂಥಾಲಯ ತೋರಿಸಿರಿ ಎಂದರೆ ಬೀಗ ಹಾಕಿದ ಒಂದು ಕಪಾಟು ತೋರಿಸಿದರು. ಕೀಲಿಕೈ ಇಟ್ಟುಕೊಂಡವನು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿವೆಯಂತೆ. ಕಾಲೇಜಿನ ಅಧ್ಯಕ್ಷರು, ‘ಪುಸ್ತಕ ಯಾರಿಗಿ ಬೇಕ್ರಿ ತಂಗಿ, ಇನ್‌ಸ್ಪೆಕ್ಷನ್ ದಿನ ಚೊಲೊ ಸೀರಿ ಉಟಗೊಂಡು ಕಪಾಟದ ಮುಂದ ನಿಂತ್ರ ಸಾಕು’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಳದಲ್ಲಿ ಬಿದ್ದಿದ್ದ ಕಲ್ಲು ತಂದು ಬೀಗ ಮುರಿಯುವವರೆಗೆ ಜಡಿದೆ. ಒಳಗೆ ಗೆದ್ದಲು ಪುಸ್ತಕಗಳನ್ನೆಲ್ಲ ತಿಂದು ಮಣ್ಣು ಮಾಡಿತ್ತು. ಬೊಗಸೆ ತುಂಬ ಆ ಮಣ್ಣು ತೆಗೆದು ಅಧ್ಯಕ್ಷರ ಮೇಜಿನ ಮೇಲೆ ಸುರಿದೆ. ಜವಾನ ನನ್ನ ರಟ್ಟೆ ಹಿಡಿದು ಗೇಟಿನ ಹೊರಗೆ ದಬ್ಬಿದ. ಬಿದ್ದು ಮೊಣಕೈ ತರಚಿ ರಕ್ತ ಬಂತು. ಬಸ್ಸಿನಲ್ಲಿ ಕೂತ ಮೇಲೆ ನಿನ್ನ ನೆನಪಾಗಿ ಭಯವಾಯಿತು. ಆ ಕಲ್ಲು ಎತ್ತುವಾಗ ನನಗೆ ಹಿತವಾಗಿತ್ತು, ಅಣ್ಣಾ.

ಗ್ರಂಥಾಲಯದ ಉಡಚಪ್ಪನವರು ಎರಡನೇ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಾರೆ. ಬಲಗೈಯಲ್ಲಿ ರಾಡು ಇದೆ, ಬೆರಳು ಮಡಚುವುದಿಲ್ಲ. ನಾನು ಹೋದಾಗ ಅವರ ಹೆಂಡತಿ ರೇಣುಕವ್ವ ತುತ್ತು ಮಾಡಿ ಉಣಿಸುತ್ತಿದ್ದಳು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವರ ಕೇರಿಗೆ ಯಾಕೆ ಕಾಲಿಟ್ಟೆ ಎಂದು ಶಂಭುಲಿಂಗಪ್ಪ ಕಾಕಾ ನಮ್ಮ ಅಂಗಳದಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ನನ್ನನ್ನು ಬೈದ. ಇನ್ನೊಂದು ಸುದ್ದಿ. ಊರ ಗ್ರಂಥಾಲಯ ಈಗ ಮುಚ್ಚಿಯೇ ಇದೆಯಲ್ಲ, ಉಡಚಪ್ಪನವರ ಜಾಗದಲ್ಲಿ ಪಂಚಾಯಿತಿಯವರು ಸದ್ಯಕ್ಕೆ ನನ್ನನ್ನು ಕೂಡಿಸುತ್ತಾರಂತೆ. ಸಿಹಿಯಾಗಲೆಂದು ಅವ್ವ ಸಜ್ಜಕ ಮಾಡಿದಳು. ನಾನು ತಾಟನ್ನು ಹಾಗೇ ಸರಿಸಿಟ್ಟೆ.

ನೀನು ಬಯಸಿದ್ದೂ ಇದೇ ಅಲ್ಲವೇ? ಉಡಚಪ್ಪ ಇರುವತನಕ ನಿನ್ನ ತಂಗಿಗೆ ನೌಕರಿ ಎಲ್ಲಿಯದು ಎಂದು ಹೋಟೆಲಿನಲ್ಲಿ ಯಾರೋ ಕೆಣಕಿದರು, ನೀನು ಕೊಡಲಿಯ ಮರದ ಕಾವು ಹಿಡಿದು ಗ್ರಂಥಾಲಯಕ್ಕೆ ನುಗ್ಗಿದೆ. ಸಂಕ್ರಾಂತಿ ಮುಗಿದ ವಾರ ಅದು. ನಾನು ಮಕ್ಕಳ ಪುಸ್ತಕಗಳ ಕಪಾಟಿನ ಹಿಂದೆ ನೆಲದ ಮೇಲೆ ಕೂತಿದ್ದೇನೆಂದು ನಿನಗೆ ಗೊತ್ತಿರಲಿಲ್ಲ. ಉಡಚಪ್ಪನವರಿಗೆ ನೀನು, ‘ನಮ್ಮ ಹುಡುಗಿ ಡಿಗ್ರಿ ತಗೊಂಡು ಮನ್ಯಾಗ ಕುಂತಾಳ, ನೀ ಇಲ್ಲಿ ಕುರ್ಚಿ ಮ್ಯಾಲ ಕುಂತಿ. ರಾಜೀನಾಮಿ ಬರಿ ಲೇ’ ಎಂದೆ. ಅಪ್ಪನ ವಯಸ್ಸಿನವರಿಗೆ ಲೇ ಎಂದೆ. ಅವರು ಎದ್ದು ನಿಂತು, ‘ಅಮೃತಾ ಓದಿದಾಕಿ, ಆಕಿಗಿ ಇದಕ್ಕಿಂತ ಚೊಲೊ ಕೆಲಸ ಸಿಗತೈತ್ರಿ. ನಾ ಯಾಕ ಬಿಡ್ಲಿರಿ?’ ಎಂದರು. ಅಷ್ಟಕ್ಕೇ ನೀನು ಕಾವು ಬೀಸಿದೆ. ತಲೆಗೆ ಅಡ್ಡ ಹಿಡಿದ ಅವರ ಕೈ ಲಟಕ್ಕೆಂದಿತು. ಬಿದ್ದವರ ಪಕ್ಕೆಗೆ ಒದ್ದೆ. ಒದ್ದು, ಮುರಿದ ಕೈಗೇ ಮತ್ತೆ ಹೊಡೆದೆ. ಅವರು ಹೆತ್ತವ್ವನನ್ನು ಕರೆಯುತ್ತಿದ್ದರು. ನಾನು ಚೀರುತ್ತ ಹೊರಗೆ ಬಂದರೂ ನಿನ್ನ ಕೈ ನಿಲ್ಲಲಿಲ್ಲ. ಬಾಜೂ ಇದ್ದ ಕಪಾಟನ್ನೂ ನೀನು ಅವರ ಮೇಲೆ ಕೆಡವಿದೆ. ಆ ದಿನದ ಪೇಪರುಗಳೆಲ್ಲ ರಕ್ತದಲ್ಲಿ ತೊಯ್ದವು. ಆಮೇಲೆ ನನ್ನ ಕಡೆ ತಿರುಗಿ ತೇಕುತ್ತ, ‘ನಿನ್ನ ಸಲುವಾಗೇ ಮಾಡೇನಿ ಲೇ ಅಮೃತಾ’ ಎಂದೆ. ನನ್ನ ಸಲುವಾಗಿ ನೀನು ಸಂಶಿಯ ರದ್ದಿ ಅಂಗಡಿಯಲ್ಲಿ ಮೊಣಕಾಲೂರಿ ಹಳೆಯ ಕಾದಂಬರಿಗಳನ್ನು ಆರಿಸಿ ತರುತ್ತಿದ್ದೆ. ಅದನ್ನೆಲ್ಲ ಪ್ರೀತಿಯೆಂದು ಇಟ್ಟುಕೊಂಡಿದ್ದೇನೆ. ಇದನ್ನು ಎಲ್ಲಿ ಇಡಲಿ?

ಮೊನ್ನೆ ನಿನ್ನ ವಕೀಲರು ಬಂದಿದ್ದರು. ಅವರು ಹೇಳಿಕೊಟ್ಟ ಮಾತು ಬಹಳ ಸರಳ. ಕಪಾಟು ತಾನಾಗಿಯೇ ಉಡಚಪ್ಪನವರ ಮೇಲೆ ಬಿತ್ತು, ನೀನು ಎತ್ತಲು ಹೋದೆ. ನಾನು ಕೋರ್ಟಿನಲ್ಲಿ, ಓದುತ್ತ ಕೂತಿದ್ದೆ, ಸಪ್ಪಳವಾದ ಮೇಲೆ ತಲೆ ಎತ್ತಿದೆ ಎಂದರೆ ಮುಗಿಯಿತು, ನೀನು ಮನೆಗೆ ಬರುತ್ತೀ. ಕಾಕಾ ತೊಡೆ ತಟ್ಟಿ ನಕ್ಕ: ‘ಇದನ್ನ ಇಡೀ ಊರ ನಂಬತೈತಿ. ಪುಸ್ತಕ ಹಿಡದ್ರ ಇಕಿಗಿ ಮೈಮ್ಯಾಲ ಎತ್ತ ಬಂದ್ರೂ ಗೊತ್ತಾಗೂದಿಲ್ಲ.’ ಅದೇನು ಸುಳ್ಳಲ್ಲ. ಹಾಲು ಉಕ್ಕಿ, ಪಾತ್ರೆ ಸುಟ್ಟು ಕರ್ರಗಾದರೂ ಹಾಳೆ ತಿರುವುತ್ತ ಕೂತವಳು ನಾನು. ಅವ್ವ ನನ್ನ ಕಾಲು ಹಿಡಿಯಲು ಬಗ್ಗಿದಳು. ‘ಹೂಂ ಅನ್ನ ಯವ್ವಾ, ಮಗನ್ನ ಮನಿಗಿ ತಂದುಕೊಡ’ ಎಂದಳು. ಅವಳನ್ನು ಎತ್ತಿ ಕೂಡಿಸಿದೆ, ಬಾಯಿ ಬಿಡಲಿಲ್ಲ. ವಕೀಲರು ಅದನ್ನೇ ಒಪ್ಪಿಗೆ ಎಂದುಕೊಂಡು ಚಹಾ ಕುಡಿದು ಹೋದರು.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿ ಯಾರು ಏನೇ ಅಂದರೂ ಕೈ ಎತ್ತಬೇಡ. ಅಲ್ಲಿಯೂ ಪುಸ್ತಕಗಳಿರುತ್ತವಂತೆ, ಸುಮ್ಮನೆ ಒಂದನ್ನು ತೆಗೆದು ನೋಡು, ನನ್ನಾಣೆ. ಅವ್ವ ನಿನ್ನ ತಲೆ ಸವರಿದಳೆಂದು ತಿಳಿ. ಕಾಕಾ ಧೈರ್ಯದಿಂದಿರು ಎಂದಿದ್ದಾನೆ.

ನಿನ್ನ ತಂಗಿ,
ಅಮೃತಾ

ತಾ.ಕ.: ಟಪಾಲು ಒಯ್ಯುವವರು ಬರುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಉಡಚಪ್ಪನವರ ಕುರ್ಚಿ ನನಗೆ ಬೇಡವೆಂದು ಇವತ್ತು ಮುಂಜಾನೆ ಪಂಚಾಯಿತಿಯವರಿಗೆ ಹೇಳಿ ಬಂದೆ. ಇಪ್ಪತ್ತೊಂದಕ್ಕೆ ನನ್ನ ಸಾಕ್ಷಿ ಇದೆ, ನಿನ್ನನ್ನೂ ಕರೆತರುತ್ತಾರೆ. ಅವರು ಕೆಳಗೆ ಬಿದ್ದ ಮೇಲೂ ನೀನು ಹೊಡೆದದ್ದನ್ನು ನಿನ್ನ ಎದುರಿಗೇ ನಿಂತು ಹೇಳುತ್ತೇನೆ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಮೊದಲು ನಿನಗೆ ಹೇಳಬೇಕು ಅನ್ನಿಸಿತು.