ತೊದಲು ಮಾತಿನ ಹಿಂದಿನ ದನಿ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಗುಬ್ಬಿಗೆ ಅಪ್ಪ ಮಾಡುವ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ‘ನೋಡೋಣ’ ಎಂದು ಇಟ್ಟುಬಿಟ್ಟೆ. ಐ ಬೆಗ್ ಟು ಸ್ಟೇಟ್ ದಟ್... ಮುಂದಿನದು ಮರೆತಿದೆ. ಕಾಲೇಜಿನಲ್ಲಿ ರಜಾ ಅರ್ಜಿಗೆಂದು ಕಲಿತದ್ದು. ತಪ್ಪೊಪ್ಪಿಕೊಳ್ಳಬೇಕಾದಾಗ ಈಗಲೂ ಅದೇ ಬಾಯಿಗೆ ಬರುತ್ತದೆ.

ನಿಮ್ಮ ಚಾನೆಲ್ಲಿನ ಲೋಗೋ ಏಳು ಬಣ್ಣವಾದದ್ದನ್ನು ಕ್ಷೌರದಂಗಡಿಯಲ್ಲಿ ನೋಡಿದೆ. ಗಂಡಸನ್ನು ಪ್ರೀತಿಸುವ ಗಂಡಸರಿಗೆ, ಹೆಂಗಸನ್ನು ಪ್ರೀತಿಸುವ ಹೆಂಗಸರಿಗೆ ಒಂದು ವಾರ ನಿಮ್ಮ ಬೆಂಬಲವಂತೆ. ಕೆಳಗೆ ನೀನು ಬರೆದ ಸಾಲು: ‘ಎಂದೆಂದೂ ನಿಮ್ಮೊಂದಿಗೆ’. ಕ್ಷೌರಿಕ ನಕ್ಕ. “ಬಣ್ಣ ಹೊಡೆದ್ರೆ ಆಗೋಯ್ತಾ ಸಾರ್? ಹಂಗಾದ್ರೆ ನಮ್ಮಂಗಡಿ ಬಾಗ್ಲಿಗೂ ಒಂದು ಕೋಟ್ ಹೊಡೀತೀನಿ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೊಬ್ಬ ಮಾತ್ರ ನಗಲಿಲ್ಲ. ಆ ಬಣ್ಣ ಮರೆಯಾಗುವವರೆಗೂ ಕನ್ನಡಿಯಲ್ಲೇ ಟಿ.ವಿ. ನೋಡುತ್ತಿದ್ದ. ಅವನ ಮುಖ ನೋಡಿದ ಮೇಲೆ ನಿಮ್ಮ ಕೆಲಸ ಪೂರ್ತಿ ದಂಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನೀನು ಅದನ್ನು ಪ್ರತಿಭಟನೆ ಎಂದೆಯಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಪ್ರತಿಭಟನೆಯನ್ನು ನಾನು ಒಂದೇ ಸಲ ಕಂಡಿದ್ದೇನೆ. ಆಗ ನಿಮ್ಮ ಸಂಸ್ಥೆ ಬರೀ ರೇಡಿಯೋ ಆಗಿತ್ತು. ನಿನ್ನ ಮಾಮ ಸಂಜೆ ವಾರ್ತೆ ಓದುತ್ತಿದ್ದ, ಗಾಜಿನ ಈಚೆ ನಾನು ಅದನ್ನು ಟೇಪಿಗೆ ಇಳಿಸಿಕೊಳ್ಳುತ್ತಿದ್ದೆ. ಅವೊತ್ತು ವಾರ್ತೆ ಮುಗಿದ ಮೇಲೆ ನಲವತ್ತು ಸೆಕೆಂಡು ಉಳಿದಿತ್ತು. ಅವನು ಕಾಗದ ಮಡಚಿಟ್ಟು ಹೇಳಿದ: “ನಾನು ಗಂಡಸನ್ನು ಪ್ರೀತಿಸುವ ಗಂಡಸು. ಇಷ್ಟು ವರ್ಷ ನಿಮ್ಮ ಮನೆಗೆ ಸುದ್ದಿ ತಂದವನು ನಾನೇ. ನಮಸ್ಕಾರ.” ಆಮೇಲೆ ನನ್ನತ್ತ ನೋಡಿ, ‘ಸರಿಯಾಗಿ ಬಂತಾ?’ ಎಂಬಂತೆ ಹುಬ್ಬು ಹಾರಿಸಿದ.

ವಾರದೊಳಗೆ ಕೆಲಸ ಹೋಯಿತು. ಊರು ಬಿಟ್ಟ. ಮೂರನೆಯ ವರ್ಷ ಅವನು ತೀರಿಹೋದ ಕಾಗದ ಬಂತು. ನಿನ್ನಮ್ಮ ಕೇಳಿದ್ದು ಒಂದೇ: “ಅವನ ದನಿ ಒಂದಾದ್ರೂ ಉಳಿದಿಲ್ವೇನ್ರೀ?” ಮೇಲಿನಿಂದ ಆರ್ಡರ್ ಬಂತು, ಅಳಿಸಿದೆವು ಎಂದೆ. ಹಳೆಯ ಟೇಪನ್ನು ದೊಡ್ಡ ಅಯಸ್ಕಾಂತದಿಂದ ಅಳಿಸಿ ಮತ್ತೆ ಬಳಸುವುದು ನಮ್ಮಲ್ಲಿ ರೂಢಿಯೇ ಆಗಿದ್ದರಿಂದ ಅವಳು ನಂಬಿದಳು.

ಆ ಟೇಪು ನಮ್ಮ ಮನೆಯಲ್ಲೇ ಇತ್ತು ಗುಬ್ಬಿ. ಅದರ ಮೇಲೆ ನಿನ್ನ ತೊದಲು ಮಾತು ತುಂಬಿಸಿದ್ದೆ. ನಿನ್ನಮ್ಮ ಅದನ್ನು ಎಷ್ಟು ಸಲ ಹಾಕಿ ಕೇಳುತ್ತಿದ್ದಳೆಂದು ನಿನಗೆ ಗೊತ್ತು. ಒಮ್ಮೆ ಕಿವಿಯನ್ನು ಸ್ಪೀಕರಿಗೇ ಒತ್ತಿ, “ಇವಳ ಮಾತಿನ ಹಿಂದೆ ಯಾರೋ ಇದಾರೆ ಕಣ್ರೀ” ಎಂದಳು. ಪಕ್ಕದ ಮನೆ ರೇಡಿಯೋ ಎಂದೆ. ಆಮೇಲೆ ಅವಳು ಕೇಳಲಿಲ್ಲ. ಆ ಟೇಪನ್ನು ಹಾಕುವುದನ್ನೂ ನಿಲ್ಲಿಸಿದಳು.

ಅವಳು ಹೋದ ಮೇಲೆ ದಿನಾ ಮಧ್ಯಾಹ್ನ ನಾನು ಹಾಕುತ್ತೇನೆ, ಅವಳ ದನಿಗಾಗಿ. “ಹೇಳು ಪುಟ್ಟಾ, ಮಾಮ ಅನ್ನು” ಎಂದು ನಿನ್ನನ್ನು ರಮಿಸುತ್ತಾಳೆ. ನೀನು ಉಸಿರೆಳೆದುಕೊಳ್ಳುತ್ತೀಯ. ಆ ಸಂದಿನಲ್ಲಿ ದೂರದಿಂದ ಅವನು ಹೇಳುತ್ತಾನೆ: ‘ಸುದ್ದಿ ತಂದವನು ನಾನೇ’. ನೀನು ‘ಮಾ... ಮಾ’ ಎನ್ನುತ್ತೀಯ. ಅವಸರದಲ್ಲಿ ಅಳಿಸಿದ್ದು, ಪೂರ್ತಿ ಹೋಗಿಲ್ಲ. ಈಗೀಗ ಟೇಪು ಓಡದಿದ್ದರೂ ಕೋಣೆಯಲ್ಲಿ ಆ ಸಂದು ಕೇಳಿಸುತ್ತದೆ.

ನಿಮ್ಮ ಚಾನೆಲ್ಲಿಗೆಂದು ನಿನ್ನೆ ಫೋನಿನಲ್ಲಿ ನೀನು ಕೇಳಿದ, ಮಾಮನ ಬಗೆಗಿನ ಮೂವತ್ತು ಸೆಕೆಂಡಿನ ನೆನಪನ್ನು ನಾನು ಹೇಳಲಾರೆ. ಟೇಪು ಕಳಿಸಿದ್ದೇನೆ. ಅದನ್ನು ಹಾಕುವ ಮುಂಚೆ ‘ಇವನನ್ನು ನಾವೇ ಹೊರಗೆ ಹಾಕಿದೆವು’ ಎಂದು ನಿಮ್ಮವರು ಹೇಳಲಿ. ಅದನ್ನು ಹೇಳಿಸಲು ನಿನ್ನಿಂದಾದರೆ ಆಗ ಪ್ರತಿಭಟನೆ ಎನ್ನು, ನಾನೂ ಒಪ್ಪುತ್ತೇನೆ. ಇಲ್ಲವಾದರೆ ಆ ‘ಎಂದೆಂದೂ’ ಅನ್ನಾದರೂ ಕಿತ್ತುಹಾಕು.

ಯುವರ್ಸ್ ಒಬೀಡಿಯಂಟ್ಲಿ... ಇದು ಮೇಲಧಿಕಾರಿಗಳಿಗೆ ಬರೆಯುವುದು. ಮಗಳಿಗೆ ಏನು ಬರೆಯಬೇಕೋ ಕಾಲೇಜಿನಲ್ಲಿ ಹೇಳಿಕೊಡಲಿಲ್ಲ.

ನಿನ್ನ
ಅಪ್ಪ

ತಾ.ಕ.: ಮೇಲಿನಿಂದ ಯಾವ ಆರ್ಡರೂ ಬಂದಿರಲಿಲ್ಲ. ‘ಭಾವಮೈದುನ ಹೀಗಂತೆ’ ಎಂದು ನನ್ನ ಕಡೆಗೂ ಬೆರಳು ತೋರಿಸಿಯಾರೆಂದು ಹೆದರಿ ಆ ಸಂಜೆಯೇ ನಾನೇ ಅಳಿಸಿದೆ. ಮಾರನೆಯ ದಿನ ನಿರ್ದೇಶಕರು ಬಂದು, “ಟೇಪ್ ಹಾಕ್ರೀ, ಅಂಥಾದ್ದೇನು ಹೇಳ್ಬಿಟ್ಟ, ಕೇಳೋಣ. ಅವನನ್ನ ಕೆಲಸದಲ್ಲಿ ಉಳಿಸ್ಕೊಳ್ಳೋಕಾಗುತ್ತೇನೋ” ಎಂದರು. ಇಲ್ಲ ಸಾರ್ ಎಂದೆ. ಅವನು ಅಶ್ಲೀಲ ಮಾತಾಡಿದನೆಂದು ಯಾರೋ ಬರೆದುಕೊಟ್ಟರು. ಅಲ್ಲವೆನ್ನಲು ಟೇಪು ಇರಲಿಲ್ಲ, ನಾನಿದ್ದೆ. ಆದ್ದರಿಂದ ‘ನಾವೇ ಹೊರಗೆ ಹಾಕಿದೆವು’ ಎನ್ನುವಾಗ ನನ್ನ ಹೆಸರನ್ನೂ ಓದಿಸು.