ಬೂದಿನೀರಿನ ನಾಲಿಗೆ

ಅಕ್ಟೋಬರ್ 3, 1977, ಸೋಮವಾರ. ಬೆಳಿಗ್ಗೆ
ಒಶೋಗ್ಬೊ

ಕೋಕೋ ಸಿಪ್ಪೆಯ ಬೂದಿ ಎರಡು ಮೂಟೆ ಬಂತು. ಜರಡಿ ಹಿಡಿದಾಯಿತು. ತೂತಿನ ಮಡಕೆಗೆ ತುಂಬಿ, ಮೇಲೆ ನೀರು ಸುರಿದಿದ್ದೇನೆ. ಕೆಳಗಿನ ಮಡಕೆಗೆ ತೊಟ್ಟಿಕ್ಕುತ್ತಿದೆ. ಬಣ್ಣಕ್ಕೆ ಹಾಕುವ ನೀಲಿ ಎಲೆಯ ಉಂಡೆ ಕುಟ್ಟುವ ಕೆಲಸ ಬಾಕಿ.

ಇಪ್ಪತ್ತೊಂಬತ್ತಕ್ಕೆ ಅರಿಕೆಯ ಮದುವೆ. ಅವಳು ನನ್ನ ಸವತಿ ಅಯಿಂಕೆ ಅಕ್ಕನ ಮಗಳು. ಎರಡೂ ಕಡೆಯ ನಲವತ್ತು ಹೆಂಗಸರಿಗೆ ಒಂದೇ ನೀಲಿಯ ಬಟ್ಟೆ ಆಗಬೇಕು. ನಮ್ಮ ಯಜಮಾನರು ಲಾರಿಯ ಜೊತೆ ದೂರದ ಕಾನೊ ಊರಿಗೆ ಹೋಗಿದ್ದಾರೆ. ಅವರಿಗೇನು, ಮದುವೆಯ ಹಿಂದಿನ ದಿನ ಬಂದು ಟೋಪಿ ಹಾಕಿಕೊಂಡು ಕೂರುತ್ತಾರೆ.

ಬೂದಿನೀರಿಗೆ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಸಾಕು ಅಥವಾ ಸಾಲದು ಅನ್ನುವವಳು ಈ ಮನೆಯಲ್ಲಿ ನಾನು. ಹನ್ನೆರಡು ವರ್ಷದಿಂದ. ನೀರು ಸಪ್ಪೆಯಾದರೆ ಎಲೆ ಕೊಳೆಯುತ್ತದೆ. ಚುರುಕು ಜಾಸ್ತಿಯಾದರೆ ಮಡಕೆ ಸಾಯುತ್ತದೆ, ಬಣ್ಣ ಹಿಡಿಯುವುದೇ ಇಲ್ಲ.

ಆಗಸ್ಟಿನ ಜ್ವರ ಹೋಯಿತು. ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಯಾರಿಗೂ ಹೇಳಿಲ್ಲ. ಇಲ್ಲಿ ಮಾತ್ರ.

ಮಧ್ಯಾಹ್ನ

ಅಡುಗೆ ಅಕ್ಕನ ಸರದಿ. ಅಮಲಾ ಮುದ್ದೆ, ಸೊಪ್ಪಿನ ಸಾರು. ನನ್ನ ಬಾಯಿಗೆ ಮುದ್ದೆಯೂ ಒಂದೇ, ಮೀನೂ ಒಂದೇ.

"ಹೇಗಿದೆ ಸಾರು?" ಅಂದಳು. ಎಂದೂ ಕೇಳಿದವಳಲ್ಲ.

"ಚೆನ್ನಾಗಿದೆ ಅಕ್ಕ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ಎದ್ದು ಹೋದಳು.

ಅಕ್ಟೋಬರ್ 4

ಅತ್ತೆ ಮಡಕೆಗಳ ಪಕ್ಕ ಮಣೆ ಹಾಕಿಸಿಕೊಂಡು ಕೂತಿದ್ದರು. ಎಂಬತ್ತರ ಹತ್ತಿರದ ಜೀವ, ಕಣ್ಣು ಮಾತ್ರ ಗಿಡುಗನದು. ಬೆರಳದ್ದಿದೆ. ನಾಲಿಗೆಗೆ ಇಟ್ಟೆ. ಏನೂ ಇಲ್ಲ, ಬರೀ ಒದ್ದೆ. ಬಣ್ಣವೇನೋ ಗಟ್ಟಿ ಟೀಯಂತೆ ಇತ್ತು.

"ಹೂಂ?" ಅಂದರು ಅತ್ತೆ.

"ಸಾಕು ಅತ್ತೆ" ಅಂದುಬಿಟ್ಟೆ.

ಪುಣ್ಯಕ್ಕೆ ಒಂದೇ ಮಡಕೆ ತುಂಬಿಸಿದೆವು.

ಅಕ್ಟೋಬರ್ 10

ಮಡಕೆ ಸತ್ತಿತು.

ಆರು ದಿನ ಕಲಕಿದ್ದೇ ಬಂತು. ನೊರೆ ಏಳಲಿಲ್ಲ. ಒಂದು ತುಂಡು ಅದ್ದಿ ತೆಗೆದರೆ ಪಾತ್ರೆ ಒರೆಸಿದ ಅರಿವೆಯ ಬಣ್ಣ. ತಿಂಗಳುಗಟ್ಟಲೆ ಕೂಡಿಟ್ಟ ಉಂಡೆಗಳಲ್ಲಿ ಮೂರನೇ ಒಂದು ಪಾಲು ಚರಂಡಿಗೆ ಹೋಯಿತು. ಇನ್ನೊಂದು ಸಲ ಹೀಗಾದರೆ ಮದುವೆಗೆ ಬಟ್ಟೆಯಿಲ್ಲ.

ಮಡಕೆಯ ಹತ್ತಿರ ಜಗಳ ಆಡಿದರೆ ಅದು ಸಾಯುತ್ತದೆ, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅತ್ತೆ ನೇರ ಅಕ್ಕನ ಕಡೆ ತಿರುಗಿದರು.

"ಮೊನ್ನೆ ಸೌದೆಯವನ ಹತ್ರ ಇಲ್ಲೇ ನಿಂತು ಬಾಯಿ ಮಾಡ್ದೋಳು ನೀನೇ ಅಲ್ವಾ? ಸ್ವಂತ ಮಗಳ ಮದುವೆ ಬಟ್ಟೆ. ಅಷ್ಟೂ ಬುದ್ಧಿ ಬೇಡ್ವಾ ನಿಂಗೆ?"

ಅಕ್ಕ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 11. ಮಧ್ಯಾಹ್ನ

ಉಂಡೆ ಕುಟ್ಟುತ್ತಿದ್ದೆ. ಅಕ್ಕ ಬಂದು ಎದುರಿಗೆ ಒನಕೆ ಹಿಡಿದಳು.

"ಮೊರೆನಿಕೆ, ನಿನ್ನ ನಾಲಿಗೆ ಯಾವಾಗ ಹೋಯ್ತು?"

ಒನಕೆ ಕೈಯಲ್ಲೇ ನಿಂತಿತು.

"ಈ ಮನೆಗೆ ಬಂದಾಗಿನಿಂದ ನನ್ನ ಸಾರಿಗೆ ಉಪ್ಪು ಜಾಸ್ತಿ ಅಂತ ಗೊಣಗ್ದೆ ಊಟ ಮಾಡಿದ್ದೀಯಾ ನೀನು? ಜ್ವರ ಬಿಟ್ಟ ಮೇಲೆ ಸೊಲ್ಲೇ ಇಲ್ಲ. ಅದಕ್ಕೇ ಹೋದ ವಾರ ಸೋಮವಾರ ನಿನ್ನ ಪಾಲಿಗೆ ಉಪ್ಪೇ ಹಾಕ್ಲಿಲ್ಲ. 'ಚೆನ್ನಾಗಿದೆ ಅಕ್ಕ' ಅಂದೆ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ ಅತ್ತೆಗೆ?"

"ನೀನು ಹೇಳ್ತೀಯೇನೋ ಅಂತ ಕಾದೆ."

ಇದಕ್ಕಿಂತ ಎರಡು ಬಾರಿಸಿದ್ದರೆ ವಾಸಿಯಿತ್ತು.

ಅವಳೇ ಉಪಾಯ ಹೇಳಿದಳು. ನಾಳೆ ಅತ್ತೆ ಬರುವ ಮುಂಚೆ ತಾನು ನೀರು ನೋಡಿರುತ್ತಾಳೆ. ಸಾಲದಿದ್ದರೆ ತಲೆವಸ್ತ್ರ ಬಿಗಿದುಕೊಳ್ಳುತ್ತಾಳೆ. ಸಾಕಿದ್ದರೆ ಸಡಿಲ ಮಾಡುತ್ತಾಳೆ. "ನಾಲಿಗೆ ನಂದು, ತಲೆ ಆಡ್ಸೋದು ನಿಂದು. ನಂಗೆ ಮಗಳ ಮದುವೆ ಆದ್ರೆ ಸಾಕು."

ಹಿರಿಯ ಸೊಸೆ ಅವಳು. ಬೂದಿನೀರು ನೋಡುವ ಕೆಲಸ ಅವಳಿಗೇ ಬರಬೇಕಿತ್ತು. ಹನ್ನೆರಡು ವರ್ಷದ ಹಿಂದೆ, ನಾದಿನಿಯರೆಲ್ಲ ಸೇರಿದ್ದ ಊಟದಲ್ಲಿ ಅತ್ತೆ ಅಂದಿದ್ದರು: "ಉಪ್ಪಿನ ಹದವೇ ಗೊತ್ತಿಲ್ಲದ ನಾಲಿಗೆಗೆ ಬೂದಿನೀರು ಏನು ಗೊತ್ತಾಗತ್ತೆ?" ಆ ದಿನ ಮೊದಲು ಮುಖ ಸಿಂಡರಿಸಿದವಳು ನಾನು.

ಅಕ್ಟೋಬರ್ 12

ಬರೆಯುವುದಕ್ಕೂ ಕೈ ಹಗುರ.

ಅಕ್ಕ ತಲೆವಸ್ತ್ರ ಬಿಗಿದುಕೊಂಡಳು. ಸಾಲದು ಅಂತ. ನಾನು ಬೆರಳು ಅದ್ದಿದೆ. ಮೇಲೆತ್ತಲು ಆಗಲಿಲ್ಲ.

"ಅತ್ತೆ, ಜ್ವರದಲ್ಲಿ ನನ್ನ ನಾಲಿಗೆ ಸತ್ತುಹೋಗಿದೆ. ಆ ಮಡಕೆ ಕೊಂದಿದ್ದು ನಾನು, ಅಕ್ಕ ಅಲ್ಲ. ಅವಳೇ ನೋಡ್ಲಿ."

ಅತ್ತೆ ಬಾಯಲ್ಲಿದ್ದ ಕೋಲಾ ಕಾಯಿಯ ಚೂರು ಚೀಪುವುದನ್ನು ನಿಲ್ಲಿಸಿದರು. ಈಗ ಬೈಗುಳ ಬಿತ್ತು ಅಂದುಕೊಂಡೆ. ಮುದುಕಿ ನಕ್ಕರು. ಹಲ್ಲಿಲ್ಲದ ಬಾಯಿ, ಭುಜವೆಲ್ಲ ಕುಲುಕುವ ನಗು.

"ನಂದು ಸತ್ತು ಹದಿನೈದು ವರ್ಷ ಆಯ್ತು ಕಣೇ. ಬೂದಿನೀರು ನೆಕ್ಕಿ ನೆಕ್ಕಿ ಇನ್ನೇನು ಉಳಿಯತ್ತೆ? ಮೂರು ವರ್ಷ ಹಾಗೇ ತಲೆ ಆಡಿಸ್ದೆ. ಎರಡು ಮಡಕೆ ಕೊಂದೆ. ಆಮೇಲೆ ನಿಂಗೆ ದಾಟಿಸ್ದೆ."

"ಹಾಗಾದ್ರೆ ಅಕ್ಕನ ಸಾರಿನ ಉಪ್ಪು?"

"ನಂಗೇನು ಗೊತ್ತು? ನೀನು ಮುಖ ಸಿಂಡರಿಸ್ದೆ. ನಾನು ಸುಮ್ನಿದ್ರೆ ಗುಟ್ಟು ರಟ್ಟಾಗತ್ತಲ್ಲ, ಅದಕ್ಕೆ ಹೂಂಗುಟ್ಟಿದೆ."

ಅಕ್ಕ ಆಗ ಮೆಲ್ಲಗೆ ಅಂದಳು: "ನಿಮ್ಗೋಸ್ಕರನೇ ಉಪ್ಪು ಜಾಸ್ತಿ ಹಾಕ್ತಿದ್ದೆ ಅತ್ತೆ. ಸಪ್ಪೆ ಅಂತ ಊಟ ಬಿಟ್ಟು ಏಳ್ತಿದ್ರಲ್ಲ."

ಅತ್ತೆಯ ನಗು ನಿಂತಿತು. ಕೈ ಚಾಚಿ ಅಕ್ಕನ ಮೊಣಕೈ ಹಿಡಿದರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಗದರಿದರು, "ಏನು ಬಾಯಿ ನೋಡ್ತೀಯ, ನೀರು ಸಾಲದು ಅಂದ್ರೆ ಅದನ್ನೇ ಇನ್ನೊಂದ್ಸಲ ಬೂದಿ ಮೇಲೆ ಸುರಿ."

ಅಕ್ಕ ಎರಡು ಸಲ ಸುರಿಸಿದಳು. ಮೂರನೆಯ ಸಲ ಬೆರಳು ನಾಲಿಗೆಗೆ ಇಟ್ಟು ತಲೆವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ನನಗೆ ಅಳು ಬಂತು. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು.

ಅಕ್ಟೋಬರ್ 19

ಮಡಕೆ ಎದ್ದಿದೆ. ಮೇಲೆಲ್ಲ ತಾಮ್ರದ ಹೊಳಪು, ನೀಲಿ ನೊರೆ. ಮೊದಲ ಬಟ್ಟೆ ಹಸಿರಾಗಿ ಮೇಲೆ ಬಂತು, ಗಾಳಿ ತಾಗಿದ್ದೇ ನೀಲಿಗೆ ತಿರುಗಿತು. ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಇವತ್ತೂ ಬಾಯಿ ಬಿಟ್ಟುಕೊಂಡು ನಿಂತೆ.

ಅಕ್ಟೋಬರ್ 26. ಮಧ್ಯಾಹ್ನ

ನಲವತ್ತನೆಯ ಬಟ್ಟೆ ಹಗ್ಗದ ಮೇಲಿದೆ. ಒಂದೇ ನೀಲಿ. ಕೈ ಮೊಣಕೈವರೆಗೆ ನೀಲಿ, ಮದುವೆಗೆ ಹೀಗೇ ಹೋಗುವುದು. ಇನ್ನು ಮೇಲೆ ಬೂದಿನೀರು ಅಕ್ಕನದು. ಹೊಟ್ಟೆಕಿಚ್ಚು ಆಗುತ್ತದೆ ಅಂದುಕೊಂಡಿದ್ದೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ಅಕ್ಕ ಈಗಷ್ಟೇ ತಟ್ಟೆ ತಂದಿಟ್ಟಳು. ಅಮಲಾ, ಸೊಪ್ಪಿನ ಸಾರು. ಒಂದು ಕೈಯಲ್ಲಿ ತುತ್ತು, ಒಂದು ಕೈಯಲ್ಲಿ ಪೆನ್ನು.

ನಾಲಿಗೆಯ ತುದಿಯಲ್ಲಿ ಏನೋ... ಇಲ್ಲ, ಭ್ರಮೆ ಇರಬೇಕು.

ಇನ್ನೊಂದು ತುತ್ತು ನೋಡಿದೆ. ಭ್ರಮೆ ಅಲ್ಲ. ಅಕ್ಕನನ್ನು ಕೂಗಬೇಕು. ಈ ಸಾರಿಗೆ ಉಪ್ಪು —